ಒಂದು ಮನೆಯೋ, ಎರಡೋ

ಜನರ ಮನೆಗೆ ಹೋಗಿ ಅವರ ಗಳಿಕೆ ಕೇಳುವುದು ನನ್ನ ಕೆಲಸ. ಕೇಳಿದರೆ ಯಾರೂ ನೆಟ್ಟಗೆ ಹೇಳುವುದಿಲ್ಲ. ಹೇಳಿದರೂ ಕಡಿಮೆ ಹೇಳುತ್ತಾರೆ. ಮಗನಿಗೆ ಹೆಣ್ಣು ನೋಡುವಾಗ ಮಾತ್ರ ಜಾಸ್ತಿ ಹೇಳುತ್ತಾರೆ.

ನಾನು ಕುರುಗೋಡಿನವನು. ಹತ್ತನೇ ಕ್ಲಾಸು ಪಾಸಾಗಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ತೊಳೆಯುವ ಕಡೆ ಒಂದಷ್ಟು ದಿನ ಕೈ ನೀಲಿ ಮಾಡಿಕೊಂಡೆ. ಒಂದೇ ಕಡೆ ನಿಂತು ಮಾಡುವ ಕೆಲಸ ನನಗೆ ಆಗಿಬರುವುದಿಲ್ಲ. ಕಾಲು ಕೇಳುವುದಿಲ್ಲ. ಬೈಕ್ ಇತ್ತು, ತೆಲುಗು ಬರುತ್ತಿತ್ತು, ಫೋನಿನ ಮೇಲೆ ಬೆರಳು ಬೇಗ ಓಡುತ್ತಿತ್ತು. ಸರ್ವೆಯವರಿಗೆ ಅಷ್ಟು ಸಾಕಾಯಿತು.

ನಮ್ಮ ಆಫೀಸು ಎಂದರೆ ಬಳ್ಳಾರಿಯಲ್ಲಿ ಒಂದು ಗಲ್ಲಿಯ ಬಾಡಿಗೆ ಕೋಣೆ. ಅಲ್ಲಿ ನಮ್ಮ ಮೇಲೆ ಒಬ್ಬರು ಮೇಡಮ್ಮು. ಬಳ್ಳಾರಿಯವರೇ. ಮೊದಲ ದಿನ ಅವರು ನಮ್ಮನ್ನೆಲ್ಲ ಕೂರಿಸಿ ಕೆಲಸ ಹೇಳಿದರು. ನಾನು ಬಾಗಿಲ ಹತ್ತಿರ ನಿಂತೇ ಕೇಳಿದೆ.

"ಸಾಲಿಯೊಳಗ ಎತ್ತರದ ಪ್ರಕಾರ ಹುಡುಗರನ್ನ ನಿಲ್ಲಸ್ತಿದ್ರಲ್ಲ, ಹಂಗ ಊರಿನ ಮನಿಗಳನ್ನ ನಿಲ್ಲಸ್ರಿ. ಕಡಿಮಿ ಗಳಿಸೋ ಮನಿ ಈ ಕಡಿ ತುದಿ, ಜಾಸ್ತಿ ಗಳಿಸೋದು ಆ ಕಡಿ ತುದಿ. ಸರಿ ನಡಕ ನಿಂತ ಮನಿ ಎಷ್ಟು ಗಳಸ್ತೈತಿ? ಅದು ನಮಗ ಬೇಕು."

"ಎಲ್ಲಾ ಕೂಡಿಸಿ ಭಾಗಿಸಿದ್ರ ಆಗಂಗಿಲ್ಲೇನ್ರಿ?" ಎಂದೆ.

"ಸಾಲಿನಾಗ ಒಬ್ಬ ರೈಸ್‌ಮಿಲ್ ಸಾಹುಕಾರ ನಿಂತಿದ್ರ, ನಿನ್ನ ಭಾಗಾಕಾರದಾಗ ಊರೆಲ್ಲ ಸಾಹುಕಾರ ಆಗ್ತೈತಿ. ನಡುವಿನ ಮನಿಗೆ ಆತನ ಗಾಳಿ ಬಡಿಯಂಗಿಲ್ಲ."

ಇದು ನನಗೆ ಹಿಡಿಸಿತು. ಕೆಲವು ವರ್ಷಕ್ಕೊಮ್ಮೆ ಅದೇ ಊರು, ಅದೇ ಮನೆಗಳಿಗೆ ಹೋಗಬೇಕು. ನಡುವಿನ ಮನೆ ಮೇಲೆ ಹೋಯಿತಾ, ಕೆಳಗೆ ಬಂತಾ ನೋಡಬೇಕು. ಇಷ್ಟೇ. ಆದರೆ ಮೇಡಮ್ಮು ಒಂದು ಮಾತು ಮತ್ತೆ ಮತ್ತೆ ಹೇಳಿದರು. ಒಂದು ಮನೆ ಒಡೆದು ಎರಡಾದರೆ ಯಾರ ಗಳಿಕೆಯೂ ಕಡಿಮೆಯಾಗಿರುವುದಿಲ್ಲ, ಆದರೂ ಸಾಲಿನಲ್ಲಿ ಎರಡು ಸಣ್ಣ ಮನೆ ಬಂದು ನಿಲ್ಲುತ್ತವೆ, ನಡು ಸರಿದುಬಿಡುತ್ತದೆ. ಅದಕ್ಕೆ ಗಳಿಕೆ ಕೇಳುವ ಮೊದಲು ಮನೆ ಎಷ್ಟು ಎಂದು ಸರಿಯಾಗಿ ತಿಳಿಯಬೇಕು. ಗೋಡೆ ನೋಡಬಾರದು, ಬಾಗಿಲು ನೋಡಬಾರದು. ಒಲೆ ನೋಡಬೇಕು. ಒಂದೇ ಒಲೆಯ ಅನ್ನ ಉಂಡರೆ, ಒಂದೇ ಕಣಜದ ಅಕ್ಕಿ ತಿಂದರೆ, ಒಂದು ಮನೆ.

ನನಗೆ ಬಿದ್ದದ್ದು ಸಿರುಗುಪ್ಪದಾಚೆ ರಾರಾವಿ ಕಡೆಯ ಒಂದು ಊರು. ಭತ್ತದ ಸೀಮೆ. ಅಲ್ಲಿ ಗಳಿಕೆ ಕೇಳಿದರೆ ರೂಪಾಯಿ ಹೇಳುವುದಿಲ್ಲ, ಚೀಲ ಹೇಳುತ್ತಾರೆ. ಎಕರೆಗೆ ಇಷ್ಟು ಚೀಲ, ಗುತ್ತಿಗೆಗೆ ಇಷ್ಟು ಚೀಲ ಹೋಯಿತು, ಗೊಬ್ಬರದ ಅಂಗಡಿಗೆ ಇಷ್ಟು ಚೀಲ ಹೋಯಿತು. ನಾನು ಬೈಕಿನ ಮೇಲೆ ಒಂದು ಕಾಲು ಹಾಕಿಕೊಂಡೇ ಕೇಳಿ, ಬೆರಳಿನಿಂದ ಒತ್ತಿ, ಮುಂದಿನ ಮನೆಗೆ ಹೋಗುತ್ತಿದ್ದೆ. ಮುಗಿದ ಮನೆ ಮೇಡಮ್ಮು ಒಪ್ಪಿದರೆ ಫೋನಿನಲ್ಲಿ ಹಸಿರಾಗುತ್ತದೆ. ಮುಗಿಯದ್ದು ಕೆಂಪು ಚುಕ್ಕೆ. ಊರೆಲ್ಲ ಹಸಿರಾದರೆ ಮಾತ್ರ ನಮಗೆ ಆ ಊರಿನ ಕೂಲಿ.

ಎಲ್ಲ ಹಸಿರಾಯಿತು. ಒಂದು ಉಳಿಯಿತು.

ಹಿಂದಿನ ಸಲ ಬಂದವನು ಅದನ್ನು ಒಂದು ಮನೆ ಎಂದು ಬರೆದಿದ್ದ. ಅಣ್ಣ, ಅವನ ಹೆಂಡತಿ, ತಮ್ಮ, ಅವನ ಹೆಂಡತಿ. ಕಾಲುವೆ ನೀರಿನ ಗದ್ದೆ. ಆಮೇಲೆ ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರ್ ಉರುಳಿ ತಮ್ಮ ತೀರಿಕೊಂಡ. ತಮ್ಮನ ಹೆಂಡತಿ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದ್ದಳು. ಇದನ್ನೆಲ್ಲ ಅಣ್ಣನೇ ಕಟ್ಟೆಯ ಮೇಲೆ ಕೂತು ಹೇಳಿದ. ನಲವತ್ತು ದಾಟಿದ ಆಳು, ದೊಡ್ಡ ಮೀಸೆ, ಮೆಲ್ಲಗೆ ಮಾತಾಡುತ್ತಿದ್ದ. ಅವನು ಮೆಲ್ಲಗೆ ಮಾತಾಡಿದಷ್ಟೂ ನನ್ನ ಕಾಲು ಕುಣಿಯುತ್ತಿತ್ತು.

"ಕುಂದ್ರಲೇ ತಮ್ಮ, ಎಲ್ಲಿಗೆ ಓಡಿ ಹೊಂಟಿ? ಚಾ ಕುಡಿ."

"ಚಾ ಬ್ಯಾಡ್ರಿ ಅಣ್ಣಾರ. ಮನಿ ಒಂದೋ ಎರಡೋ ಹೇಳ್ರಿ, ಹೋಗ್ತೀನಿ."

"ಒಂದ. ಒಂದ ಬರಿ."

"ತಮ್ಮನ ಹೇಂತಿ ಬಳ್ಳಾರ್ಯಾಗ ಅದಾರಲ್ಲ?"

"ಕೆಲಸಕ್ಕ ಹೋಗ್ಯಾಳ. ಕೆಲಸಕ್ಕ ಹೋದವರು ಮನಿಯವರಲ್ಲೇನು? ನಿಮ್ಮ ಮನಿಗೆ ನೀ ದಿನಾ ಹೋಗ್ತಿಯೇನು?"

"ಆಕಿ ಪಗಾರ ಎಷ್ಟು?"

ಅವನು ಮೀಸೆ ಒರೆಸಿಕೊಂಡ. ಒಳಗೆ ಅವನ ಹೆಂಡತಿ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು. "ಅವರಿಗೆ ಗೊತ್ತಿಲ್ಲ," ಎಂದಳು ಒಳಗಿಂದಲೇ.

"ಗೊತ್ತಿಲ್ಲಂದ್ರ ಒಂದು ಮನಿ ಹೆಂಗಾತ್ರಿ? ಆಕಿ ಅಕ್ಕಿ ಎಲ್ಲಿದು ತಿಂತಾಳ? ಈ ಮನಿಯಿಂದ ಹೋಗ್ತೈತೇನು? ಇಲ್ಲೀದು ತಿಂದ್ರ ಒಂದು ಮನಿ, ಕೊಂಡು ತಿಂದ್ರ ಎರಡು. ನಮ್ಮ ಲೆಕ್ಕ ಅಷ್ಟ."

ನಾನು ನಿಯಮ ಬಾಯಿಬಿಟ್ಟು ಹೇಳಬಾರದಿತ್ತು. ಹೇಳಿದೆ. ಬೇಗ ಮುಗಿಸಬೇಕಿತ್ತು.

ಅಣ್ಣ ನನ್ನನ್ನು ದಿಟ್ಟಿಸಿ ನೋಡಿದ. "ನಮ್ಮ ಮನಿದ ತಿಂತಾಳ," ಎಂದ. ಆಮೇಲೆ ಹತ್ತಿರ ಸರಿದು ಕೂತು ಹೇಳಿದ: "ನೋಡು, ನಮ್ಮ ಕಡಿ ಮನಿ ಒಡಿಯೋದು ಕಾಗದದಾಗಲ್ಲ. ಹಿರೇರು ಕುಂತು, ಒಲಿ ಬ್ಯಾರಿ ಹೂಡಿದ್ರು ಅಂದ್ರ ಪಾಲು ಆತು ಅಂತ. ನೀ ಈಗ ಎರಡು ಒಲಿ ಅಂತ ಬರದ್ರ ಆಕಿಗೆ ಪಾಲು ಕೊಟ್ಟಂಗ. ತಮ್ಮ ಸತ್ತ ಮ್ಯಾಲೆ ಮನಿ ಒಡದ ಅಂತ ಊರು ನನ್ನ ಮಕಕ್ಕ ಉಗಿತೈತಿ."

"ನನ್ನ ಬರವಣಿಗಿಗೆ ಅಷ್ಟು ಬೆಲಿ ಇಲ್ರಿ ಯಜಮಾನ್ರ. ಇದು ಪಂಚಾಯ್ತಿ ಅಲ್ಲ, ಕೋರ್ಟಲ್ಲ. ನಡುವಿನ ಮನಿ ಹುಡುಕೋ ಲೆಕ್ಕ."

"ಸರಕಾರದ ಫೋನಿನಾಗ ಬರದದ್ದಕ್ಕ ಬೆಲಿ ಇಲ್ಲಂದ್ರ ಯಾರು ನಂಬ್ತಾರ?"

ಫೋನು ನನ್ನದೇ ಎಂದೆ. ಅದನ್ನೂ ನಂಬಲಿಲ್ಲ.

ಪಗಾರ ಅವಳನ್ನೇ ಕೇಳಬೇಕಾಯಿತು. ಬಿಸಿಲಲ್ಲಿ ಸಿರುಗುಪ್ಪಕ್ಕೆ ಬಂದು, ತೆಕ್ಕಲಕೋಟೆಯಲ್ಲಿ ಒಗ್ಗಾಣಿ ಮಿರ್ಚಿ ನಿಂತೇ ತಿಂದು, ಮನೆಗೆ ಬಂದೆ. ಭಾನುವಾರ ಯೂನಿಟ್ಟಿಗೆ ರಜೆ. ಅವತ್ತು ಬಳ್ಳಾರಿಗೆ ಹೋಗಿ ಕೌಲ್ ಬಜಾರಿನಲ್ಲಿ ಅವಳ ಕೋಣೆ ಹುಡುಕಿದೆ.

ಬಾಗಿಲಿಗೆ ಅಡ್ಡವಾಗಿ ಒಂದು ಅಕ್ಕಿ ಚೀಲ ನಿಂತಿತ್ತು. ಬಿಳಿ ಪ್ಲಾಸ್ಟಿಕ್ ಚೀಲ, ಬಾಯಿಗೆ ಸುತಳಿ ಹಾಕಿ ಕೈಯಲ್ಲಿ ಹೊಲಿದದ್ದು. ಅದರ ಆಚೆ ಅವಳು ನಿಂತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು ಇರಬೇಕು. ಸೊಂಟಕ್ಕೆ ಕೈ.

"ಸರ್ವೆ ಅಂತ ಊರಿಗೆ ಹೋದಾವ ನೀನ ಏನು?"

"ನಾನ ಅಕ್ಕ."

"ಏನ್ ಹೇಳಿದಿ ಅಲ್ಲಿ?"

"ಯಾಕ?"

"ಬಳ್ಳಾರಿಗೆ ಬಂದಾಗಿಂದ ನನಗ ಒಂದು ಸೇರು ಅಕ್ಕಿ ಬಂದಿಲ್ಲ ಆ ಮನಿಯಿಂದ. ಹೆಂಗದೀಯವ್ವ ಅಂತ ಒಂದು ಫೋನ್ ಇಲ್ಲ. ನಿನ್ನಿ ಟೆಂಪೊದಾವ ಬಂದು ಚೀಲ ಇಳಿಸಿ ಹ್ವಾದ. ನಿಮ್ಮ ಭಾವಾರು ಕಳಿಸ್ಯಾರ, ಉಣ್ಣು ಅಂದಾರ ಅಂತ. ಊರಿಗೆ ಸರ್ವೆದಾವ ಬಂದಿದ್ದ ಅಂತನೂ ಆತನ ಹೇಳಿದ. ಅವರಿಗೆ ಒಮ್ಮಿಂದೊಮ್ಮೆ ನನ್ನ ಹೊಟ್ಟಿ ನೆನಪಾತೇನು?"

ನಾನು ನಿಯಮ ಹೇಳಿದ್ದನ್ನು ಹೇಳಿದೆ. ಅವಳು ನಗಲಿಲ್ಲ. ಚೀಲದ ಮೇಲೇ ಕೂತಳು.

"ಒಂದು ಮನಿ ಅಂತ ಬರಸಾಕ ಕಳಿಸ್ಯಾರ. ಇದನ್ನ ಬಿಚ್ಚಿ ಒಂದು ಮುಷ್ಟಿ ಬೇಯಿಸಿಕೊಂಡೆ ಅಂದ್ರ, ಊರಾಗ ನಾಳೆ ಹೇಳ್ತಾರ. ನಮ್ಮ ಮನಿ ಅಕ್ಕಿ ಉಣ್ತಾಳ, ಆಕಿದೆಂಥಾ ಬ್ಯಾರಿ ಒಲಿ, ಆಕಿಗೆಂಥಾ ಪಾಲು ಅಂತ."

"ಪಾಲು ಬೇಕಂದ್ರ ಕೇಳಬೇಕಲ್ಲ ಅಕ್ಕ."

"ಯಾರು ಕೇಳಬೇಕು? ನಾನು? ಹಿರೇರ ಮುಂದ ನಿಂತು, ಗಂಡ ಸತ್ತಾಕಿ, ನನ್ನ ಪಾಲು ಕೊಡ್ರಿ ಅನ್ನಬೇಕೇನು? ಬಾಯಿ ಬರಂಗಿಲ್ಲಪ್ಪ. ನೀ ಬರದ್ರ ನಾ ಕೇಳಿದಂಗಾಗಂಗಿಲ್ಲ. ನೀ ಎರಡು ಬರಿ."

ಅಂದರೆ ಇವಳೂ ನಂಬಿದ್ದಳು. ಅಲ್ಲಿ ಒಂದು ಬರಿ, ಇಲ್ಲಿ ಎರಡು ಬರಿ. ಇಬ್ಬರಿಗೂ ನಾನು ಹಿರಿಯ. ಮೀಸೆ ಕೂಡ ಸರಿಯಾಗಿ ಬಂದಿಲ್ಲದ ಹಿರಿಯ. ನನಗೆ ಸಿಟ್ಟು ಬಂತು. ಎದ್ದು ಹೋಗೋಣವೆಂದರೆ ಆ ಕೆಂಪು ಚುಕ್ಕೆ.

ಕೋಣೆಯೊಳಗೆ ನೋಡಿದೆ. ಸಣ್ಣ ಗ್ಯಾಸು, ಒಂದು ತಪ್ಪಲಿ, ಒಂದು ತಾಟು. ಕಿರಾಣಿ ಅಂಗಡಿಯ ಕವರಿನಲ್ಲಿ ಅಕ್ಕಿ. ಮೇಡಮ್ಮಿಗೆ ಫೋನ್ ಹಚ್ಚಿದೆ.

"ಇಷ್ಟು ದಿನ ಏನು ತಿಂದಾಳ ಅದನ್ನ ನೋಡು," ಎಂದರು. "ಕೊಂಡು ತಿಂದಿದ್ರ ಬ್ಯಾರಿ ಮನಿ. ನಿನ್ನಿ ಬಂದ ಚೀಲ ಬಿಚ್ಚಿಲ್ಲ ಅಂದ್ರ ಅದು ಲೆಕ್ಕಕ್ಕಿಲ್ಲ. ಆದ್ರ ಹಳೇ ಮನಿಯವರು ಒಂದು ಅಂತ ಹೇಳ್ಯಾರ, ಹೌದಿಲ್ಲೋ? ಅವರ ಬಾಯಿಲೆ ಇನ್ನೊಮ್ಮೆ ಕೇಳು. ಇಬ್ಬರದೂ ಒಂದ ಮಾತು ಆಗೋ ಮಟ ನಾ ಹಸಿರು ಮಾಡಂಗಿಲ್ಲ."

"ಮತ್ತ ಊರಿಗೆ ಹೋಗಬೇಕೇನ್ರಿ?"

"ಬೈಕ್ ಯಾಕ ಐತಿ?"

ಫೋನ್ ಇಟ್ಟೆ. ಇಲ್ಲಿಯಾದರೂ ಮುಗಿಸೋಣವೆಂದು, "ಪಗಾರ ಹೇಳಕ್ಕ," ಎಂದೆ.

"ಊರಿಗೆ ಹೊಂಟಿಯಲ್ಲ, ಚೀಲ ಒಯ್ಯಿ. ಒಯ್ತೀನಿ ಅನ್ನು, ಪಗಾರ ಹೇಳ್ತೀನಿ."

"ನಾ ಏನು ಲಗೇಜ್ ಗಾಡಿಯೇನು?"

"ಹಂಗಾದ್ರ ಬರಕೋ, ಪಗಾರ ಇಲ್ಲ. ಪುಕ್ಕಟೆ ಹೊಲಿತೀನಿ."

ಚೀಲ ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಮಲಗಿಸಿದೆ. ಅವಳು ಪಗಾರ ಹೇಳಿದಳು. ಪೀಸಿನ ಲೆಕ್ಕ, ಓವರ್‌ಟೈಮು, ಬಾಡಿಗೆ, ಎಲ್ಲ ಸರಸರ ಹೇಳಿದಳು. ಅಷ್ಟು ನೆಟ್ಟಗೆ ಗಳಿಕೆ ಹೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ತನ್ನದೊಂದು ಮನೆ ಎಂದು ತೋರಿಸಲು ಅವಳಿಗೆ ಇದ್ದದ್ದು ಅದೊಂದೇ.

ಅವತ್ತೇ ರಾರಾವಿ ಕಡೆಗೆ ಹೋಗುವಷ್ಟು ಹೊತ್ತಿರಲಿಲ್ಲ. ಕುರುಗೋಡಿಗೆ ಬಂದು ಚೀಲ ಕಟ್ಟೆಯ ಮೇಲಿಟ್ಟು ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ನಮ್ಮವ್ವ ಈಳಿಗೆ ತಂದು ಸುತಳಿ ಕತ್ತರಿಸುತ್ತಿದ್ದಳು.

"ಬಿಚ್ಚಬ್ಯಾಡಬೇ!"

"ಮನಿಗೆ ಅಕ್ಕಿ ತಂದು ಬಿಚ್ಚಬ್ಯಾಡ ಅಂದ್ರ? ಪೂಜಿ ಮಾಡಬೇಕೇನು?"

"ನಮ್ದಲ್ಲ ಅದು."

"ಯಾರ್ದಲೇ ಮತ್ತ? ಅಕ್ಕಿ ಕದಿಯೋ ಕೆಲಸ ಹಿಡದಿ ಏನು?"

ವಿಷಯ ಹೇಳಿದೆ. ಒಂದು ಗಂಟು ಆಗಲೇ ಹೋಗಿತ್ತು. ನಾನೇ ಸುತಳಿ ಜಗ್ಗಿ ಮತ್ತೆ ಗಂಟು ಹಾಕಿದೆ. ಅವ್ವ ಚೀಲದ ಪಕ್ಕ ಕೂತು ಕಾಲು ಚಾಚಿದಳು.

"ಅದೇನೋ ಸಾಲು ನಿಲ್ಲಸ್ತೀರಿ ಅಂತಿ. ನಾವು ಎಲ್ಲಿ ನಿಲ್ತೀವಿ ಅದರಾಗ?"

"ನಮ್ಮ ಮನಿ ಲೆಕ್ಕದಾಗಿಲ್ಲ."

"ಇದ್ದಿದ್ರ?"

"ನಡುವಿಗಿಂತ ಈ ಕಡಿ."

"ಎಷ್ಟು ಈ ಕಡಿ?"

"ಉಣ್ಣಾಕ ನೀಡಬೇ."

ರಾತ್ರಿ ಚೀಲವನ್ನು ನನ್ನ ತಲೆದೆಸೆಗೇ ಇಟ್ಟುಕೊಂಡೆ. ಅವ್ವನ ಮೇಲೆ ನಂಬಿಕೆ ಇರಲಿಲ್ಲ.

ಬೆಳಿಗ್ಗೆ ಹೊರಟೆ. ಟ್ಯಾಂಕಿನ ಮೇಲೆ ಚೀಲ ಇದ್ದರೆ ಮೊಣಕಾಲು ಅಗಲ ಮಾಡಿ ಕೂರಬೇಕು. ಹ್ಯಾಂಡಲ್ ತಿರುಗುವುದಿಲ್ಲ. ಭತ್ತದ ಲಾರಿಗಳು ಮೈಮೇಲೆ ಬಂದಂತೆ ಬರುತ್ತಿದ್ದವು. ಸಿರುಗುಪ್ಪ ದಾಟುವಷ್ಟರಲ್ಲಿ ಇಬ್ಬರು ಕೈ ಅಡ್ಡ ಹಾಕಿ ಅಕ್ಕಿ ಕೆಜಿ ಎಷ್ಟು ಎಂದು ಕೇಳಿದರು. ನನಗೆ ಇದ್ದದ್ದು ಒಂದೇ ಹಂಬಲ: ಇಳಿಸಬೇಕು, ಕೇಳಬೇಕು, ಒತ್ತಬೇಕು, ಹೋಗಬೇಕು.

ಅಣ್ಣ ಕಟ್ಟೆಯ ಮೇಲೇ ಇದ್ದ. ಚೀಲ ಇಳಿಸಿ ಅವನ ಕಾಲ ಹತ್ತಿರ ನಿಲ್ಲಿಸಿದೆ.

"ಬ್ಯಾಡ ಅಂದಾಳ್ರಿ."

"ಬ್ಯಾಡ ಅಂದ್ಲ?" ಅವನ ಮುಖ ಸಣ್ಣದಾಯಿತು. ನನಗೆ ಅದು ನಿರೀಕ್ಷೆ ಇರಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ. "ನಮ್ಮ ಗದ್ದಿ ಅಕ್ಕಿ ಅದು. ನನ್ನ ತಮ್ಮ ಹಚ್ಚತಿದ್ದ ಮಡೀದು." ಬಗ್ಗಿ ಚೀಲದ ಬಾಯಿ ಮುಟ್ಟಿದ. ಅವನ ಬೆರಳು ನನ್ನ ಗಂಟಿನ ಮೇಲೆ ಬಂದು ನಿಂತಿತು. "ಲೇ ಇವಳ, ಇಲ್ಲಿ ಬಾ. ಇದು ನಿನ್ನ ಹೊಲಿಗಿಯೇನು?"

ಹೆಂಡತಿ ಹೊರಗೆ ಬಂದು ನೋಡಿದಳು. "ಇದೊಂದು ಗಂಟು ನಂದಲ್ಲ."

ಅಣ್ಣ ನೆಟ್ಟಗೆ ಕೂತ. "ಬಿಚ್ಯಾಳ. ನೋಡು, ಬಿಚ್ಚಿ ತಗೊಂಡು ಮತ್ತ ಕಟ್ಯಾಳ. ಉಂಡಾಳ. ಒಂದ ಮನಿ. ಬರಿ ತಮ್ಮ."

"ಆಕಿ ಬಿಚ್ಚಿಲ್ರಿ. ನಮ್ಮವ್ವ ಬಿಚ್ಚಿದ್ಲು, ಕುರುಗೋಡಿನಾಗ. ನಾ ಕಟ್ಟೀನಿ."

"ನಿಮ್ಮವ್ವಗ ಏನು ಸಂಬಂಧ ಈ ಚೀಲಕ್ಕ?"

"ಮನಿಗೆ ತಂದೀನಂತ ತಿಳಕೊಂಡ್ಲು."

"ಚಂದ ಕತಿ ಹೇಳ್ತಿ."

ನಿಜ ಹೇಳಿದರೆ ಕತೆ ಎನ್ನುತ್ತಾರೆ. ನನ್ನ ತಲೆ ಬಿಸಿಯಾಯಿತು. ತೂಕ ಮಾಡಿಸೋಣ ನಡೀರಿ ಎಂದೆ. ಕಳಿಸುವಾಗ ಯಾರು ತೂಗಿದ್ದರು ಎಂದ. ಯಾರೂ ತೂಗಿರಲಿಲ್ಲ. ನಾನು ಬೈಕಿನ ಕೀಲಿ ಬೆರಳಿಗೆ ಸುತ್ತುತ್ತ ನಿಂತೆ. ಅವನು ಒಂದು ಎನ್ನುತ್ತಾನೆ, ಅವಳು ಎರಡು ಎನ್ನುತ್ತಾಳೆ, ಚುಕ್ಕೆ ಕೆಂಪಗೇ ಇರುತ್ತದೆ. ನನ್ನ ಕೂಲಿ ಇರಲಿ, ಬಳ್ಳಾರಿಯಲ್ಲಿ ಒಬ್ಬಾಕೆ ಹಟ ಹಿಡಿದು ಬಿಚ್ಚದ ಚೀಲ ನಮ್ಮವ್ವನ ಒಂದು ಗಂಟಿನಿಂದ ಸುಳ್ಳಾಗುತ್ತಿತ್ತು.

ಹೆಂಡತಿ ಆಗ ಕುಕ್ಕರಗಾಲಲ್ಲಿ ಕೂತು ನನ್ನ ಗಂಟನ್ನು ಬಿಚ್ಚಿದಳು. ಆಮೇಲೆ ತನ್ನ ಹೊಲಿಗೆಯನ್ನೂ ಜಗ್ಗಿದಳು. ಚೀಲದ ಬಾಯಿ ತೆರೆಯಿತು. ಅಕ್ಕಿಯ ಮೇಲೆ ಬೇವಿನ ಸೊಪ್ಪು ಹಾಸಿತ್ತು, ಹುಳ ಬೀಳದಿರಲಿ ಎಂದು. ಎಲೆಗಳು ಅಕ್ಕಿಗೆ ಒತ್ತಿಕೊಂಡು ಕೂತಿದ್ದವು. ಅವಳು ಸೊಪ್ಪು ಎತ್ತಲಿಲ್ಲ, ಬೆರಳಿನಿಂದ ತೋರಿಸಿದಳು.

"ನಾ ಹಾಸಿದ್ದು ಹಂಗ ಐತಿ. ಕೈ ಹಾಕಿಲ್ಲ ಆಕಿ."

"ನೀ ಸುಮ್ನಿರು."

"ಸುಮ್ನ ಇದ್ದದ್ದಕ್ಕ ಈ ಚೀಲ ಬಳ್ಳಾರಿ ನೋಡಿ ಬಂತು. ಇಷ್ಟು ದಿನ ಕಳಿಸ್ರಿ ಅಂತ ನಾ ಅಂದ್ರ ನೀವು ಸುಮ್ನಿರು ಅಂದ್ರಿ. ಈಗ ಸರ್ವೆದಾವ ಬಂದ್ಮ್ಯಾಲೆ ಕಳಿಸಿದ್ರಿ. ಆಕಿಗೆ ಇದು ಅಕ್ಕಿ ಅನಸ್ತೈತೇನು?"

ಅವನು ತೆರೆದ ಚೀಲದ ಬಾಯಿಯನ್ನು ಕೈಯಿಂದ ಕೂಡಿಸಿ ಹಿಡಿದ.

"ಆಕಿನ ಬಾಯಿಬಿಟ್ಟು ಬ್ಯಾರಿ ಅಂದಾಳೇನು?" ಎಂದು ನನ್ನನ್ನು ಕೇಳಿದ.

"ನನ್ನ ಮುಂದ ಅಂದಾಳ್ರಿ. ಹಿರೇರ ಮುಂದ ನಿಂತು ಕೇಳಾಕ ಬಾಯಿ ಬರಂಗಿಲ್ಲ ಅಂತಾಳ."

"ಎರಡು ಬರಿ ಹಂಗಾದ್ರ. ಒಲಿ ಎರಡು. ಗದ್ದಿ ಮಾತು ನಾ ಆಡಿಲ್ಲ, ತಿಳೀತಾ? ಗದ್ದಿ ಬೇಕಂದ್ರ ಆಕಿ ಬಂದು ಕೇಳಬೇಕು. ನಿನ್ನಂಥ ಹುಡುಗನ ಕೈಯಾಗ ಕೇಳಸಿದ್ರ ಆಗಂಗಿಲ್ಲ."

ಎರಡು ಒತ್ತಿದೆ. ಬಳ್ಳಾರಿಯ ಪಗಾರ ಆ ಕಡೆ, ಗದ್ದೆಯ ಚೀಲಗಳು ಈ ಕಡೆ. ಹೊರಡಲು ಕಿಕ್ ಹೊಡೆದೆ. "ತಡಿ," ಎಂದು ಹೆಂಡತಿ ಒಳಗೆ ಹೋದಳು. ಒಳಗೆ ಪಾತ್ರೆ ಎಳೆಯುವ ಸದ್ದು. ಒಂದು ಹಿತ್ತಾಳೆ ಹಂಡೆ ತಂದಳು, ಅದರೊಳಗೆ ತಪ್ಪಲಿಗಳು, ತಾಟುಗಳು, ಚರಿಗೆ. ಎಲ್ಲ ಮೈದುನನ ಹೆಂಡತಿಯ ತವರಿನಿಂದ ಬಂದದ್ದು ಎಂದಳು. ಒಲೆ ಬೇರೆ ಆದರೆ ಮೊದಲು ಪಾತ್ರೆ ಬೇರೆ ಆಗಬೇಕಂತೆ. ಹಾಗೇ ಇಟ್ಟುಕೊಂಡರೆ ಮನೆಗೆ ಒಳ್ಳೆಯದಲ್ಲವಂತೆ.

"ನಾ ಇದನ್ನೆಲ್ಲ ಹೊತಗೊಂಡು ಹೋಗಾಕ ಬಂದಿಲ್ಲಕ್ಕ."

"ಅಕ್ಕಿ ಹೊತಗೊಂಡು ಬಂದಿಯಲ್ಲ, ಖಾಲಿ ಹೋಗ್ತಿಯೇನು?"

ಹಿಂದಿನ ಸೀಟಿಗೆ ಹಂಡೆ ಕಟ್ಟಿದರು. ಅಣ್ಣ ತಾನೇ ಹಗ್ಗ ಬಿಗಿದ. ಬಳ್ಳಾರಿಯವರೆಗೂ ಅದು ಬೆನ್ನ ಹಿಂದೆ ಬಡಿದುಕೊಳ್ಳುತ್ತಲೇ ಇತ್ತು. ರಸ್ತೆಯ ಪ್ರತಿ ಉಬ್ಬಿಗೂ ಜನ ತಿರುಗಿ ನೋಡುತ್ತಿದ್ದರು. ಆಫೀಸಿನಲ್ಲಿ ಮೇಡಮ್ಮು ಫೋನ್ ನೋಡಿ, ಎರಡೂ ಕಡೆ ಒಂದೇ ಮಾತು ಇರುವುದು ಕಂಡು, ಹಸಿರು ಮಾಡಿದರು. ಆ ಊರಿನ ನಡುವಿನ ಮನೆ ಕೆಳಗೆ ಸರಿಯಿತಾ ಎಂದು ಕೇಳಿದೆ. ಎಲ್ಲ ಊರು ಬರಲಿ, ಆಮೇಲೆ ಗೊತ್ತಾಗುತ್ತದೆ ಎಂದರು. ಹಂಡೆ ಕಂಡು, "ಇದೇನು, ಮದಿವಿ ಆದಿಯೇನು?" ಎಂದರು.

ಯೂನಿಟ್ಟು ಬಿಡುವ ಹೊತ್ತಿಗೆ ಕೌಲ್ ಬಜಾರಿಗೆ ಹೋದೆ. ಅವಳು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಹಂಡೆ ನೋಡಿದವಳು ಬೀಗ ತೆಗೆಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ನಡೆದದ್ದನ್ನು ಹೇಳಿದೆ. ಎರಡು ಬರೆದದ್ದು, ಸೊಪ್ಪು ತೋರಿಸಿದ್ದು, ಗದ್ದೆಯ ಮಾತು, ಎಲ್ಲ. ಅವಳು ನೆಲದ ಮೇಲೆ ಕೂತು ಪಾತ್ರೆಗಳನ್ನು ಒಂದೊಂದೇ ತೆಗೆದು ತಿರುಗಿಸಿ ನೋಡಿದಳು.

"ಸೌಟು ಬಂದಿಲ್ಲ."

"ಏನು?"

"ಹಿತ್ತಾಳಿ ಸೌಟು. ನಮ್ಮವ್ವ ಕೊಟ್ಟಿದ್ದು. ಊರಾಗ ಭಾವಾರ ಹೇಂತಿ, ನಮ್ಮಕ್ಕ, ಅದನ್ನ ಇಟಗೊಂಡಾಳ. ಸಾರಿಗೆ ಅದ ಚಲೋ ಅಂತಿದ್ಲು."

"ನೋಡಕ್ಕ, ನಾ ಮತ್ತ ಹೋಗಂಗಿಲ್ಲ. ಏನ ಹೇಳು. ಸೌಟಿಗಂತ ನಾ ರಾರಾವಿ ಕಡಿ ಹೋಗಂಗಿಲ್ಲ."

"ನಿನಗ ಯಾರು ಹೋಗು ಅಂದ್ರು?" ಸೆರಗಿನಿಂದ ಚರಿಗೆ ಒರೆಸಿದಳು. "ನಾನ ಹೋಗ್ತೀನಿ. ನಾನ ಕೇಳ್ತೀನಿ."

"ಸೌಟ ಏನು?"

"ಸೌಟಿನಿಂದ ಚಾಲೂ ಮಾಡ್ತೀನಿ."

ನಾನು ಹಗ್ಗ ಸುತ್ತಿಕೊಂಡು ಬೈಕ್ ಹತ್ತಿದೆ. ಗಲ್ಲಿಯ ತುದಿಗೆ ಬಂದಿದ್ದೆ, ಹಿಂದಿನಿಂದ ಕೂಗಿದಳು. ಭಾನುವಾರ ಸಿರುಗುಪ್ಪಕ್ಕೆ ಮೊದಲನೇ ಬಸ್ಸು ಎಷ್ಟೊತ್ತಿಗೆ ಎಂದು. ನಿಲ್ಲಿಸದೆ ಹೇಳಿದೆ.